ನಗ್ನ ಕಲಾ ಛಾಯಾಗ್ರಹಣ: ಒಂದು ಕೋಣೆ, ಒಂದು ಲೈಟ್, ಸರಿಯಾದ ಕ್ರಮ

ನಗ್ನ ಛಾಯಾಗ್ರಹಣಕ್ಕೆ ಕೈ ಹಾಕುವವರಲ್ಲಿ ಬಹುಪಾಲು ಜನ ಒಂದೇ ಜಾಗದಲ್ಲಿ ಎಡವುತ್ತಾರೆ. ಮಾಡೆಲ್ ಬಟ್ಟೆ ಕಳಚಿ ನಿಂತ ಮೇಲೆ ಲೈಟ್ ಸ್ಟ್ಯಾಂಡ್ ಎತ್ತರಿಸುವುದು, ಟ್ರಿಗರ್‌ಗೆ ಸೆಲ್ ಹುಡುಕುವುದು, ಹಿಂದಿನ ಪರದೆಯ ಸುಕ್ಕು ಬಿಡಿಸುವುದು ಶುರುವಾಗುತ್ತದೆ. ಅಷ್ಟರಲ್ಲಿ ಮೈ ತಣ್ಣಗಾಗಿ ಮುಳ್ಳೇಳುತ್ತದೆ, ಭುಜ ಬಿಗಿಯುತ್ತದೆ, ಮುಜುಗರ ಮುಖದಿಂದ ಬೆರಳಿನ ತುದಿವರೆಗೆ ಇಳಿಯುತ್ತದೆ. ಕೊನೆಗೆ ಚಿತ್ರ ನೋಡಿ ಲೆನ್ಸನ್ನು ದೂರುತ್ತಾರೆ. ಕೆಟ್ಟಿದ್ದು ಕೆಲಸದ ಕ್ರಮ.

ಈ ಪ್ರಕಾರದಲ್ಲಿ ಅತ್ಯಂತ ದುಬಾರಿಯಾದದ್ದು ಮಾಡೆಲ್ ಬಟ್ಟೆಯಿಲ್ಲದೆ ನಿಲ್ಲುವ ಸಮಯ. ಅದಕ್ಕೂ ಮುಂಚೆ ಮುಗಿಸಬಹುದಾದ ಪ್ರತಿಯೊಂದು ಕೆಲಸವನ್ನೂ ಮುಂಚೆಯೇ ಮುಗಿಸಬೇಕು. ಕೆಳಗಿನ ಹಂತಗಳನ್ನು ಜೋಡಿಸಿರುವುದು ಅದೇ ಲೆಕ್ಕದಲ್ಲಿ. ಉದಾಹರಣೆಗೆ ತೆಗೆದುಕೊಂಡಿರುವುದು ಸುಲಭವೆಂದು ಕಾಣುವ, ಆದರೆ ಹೆಚ್ಚು ಜನ ಸೋಲುವ ಬಗೆಯನ್ನು: ಸಾಧಾರಣ ಮನೆಯ ಕೋಣೆಯಲ್ಲಿ, ಕಪ್ಪು ಹಿನ್ನೆಲೆಯಲ್ಲಿ, ಒಂದೇ ಲೈಟಿನಿಂದ ದೇಹದ ಏರಿಳಿತಗಳನ್ನು ಬಿಡಿಸುವ ಕಪ್ಪು-ಬಿಳುಪು ಚಿತ್ರ. ಇದನ್ನು ಬಾಡಿಸ್ಕೇಪ್ ಎನ್ನುತ್ತಾರೆ.

## ಹಂತ 1: ಚಿತ್ರವನ್ನು ಮೊದಲು ಕಾಗದದ ಮೇಲೆ ಬಿಡಿಸಿ

ಒಂದು ಶೂಟ್‌ಗೆ ಐದಾರು ಚಿತ್ರ ಸಾಕು. ಪ್ರತಿಯೊಂದಕ್ಕೂ ಪೆನ್ಸಿಲ್‌ನಲ್ಲಿ ಹೆಬ್ಬೆರಳಿನಷ್ಟು ದೊಡ್ಡ ಗೆರೆಚಿತ್ರ ಬಿಡಿಸಿ. ಚಿತ್ರಕಲೆ ಬರಬೇಕಿಲ್ಲ. ದೇಹ ಯಾವ ಕಡೆ ವಾಲಿದೆ, ಬೆಳಕು ಯಾವ ಪಕ್ಕದಿಂದ ಬರುತ್ತದೆ, ಎಲ್ಲಿಂದ ಎಲ್ಲಿಗೆ ಫ್ರೇಮ್ ಎಂಬುದು ತಿಳಿದರೆ ಆಯಿತು.

ಇದರಿಂದ ಎರಡು ಲಾಭವಿದೆ. ಲೈಟ್ ಎಲ್ಲಿಡಬೇಕೆಂಬುದು ಹಿಂದಿನ ದಿನವೇ ಗೊತ್ತಾಗುತ್ತದೆ. ಅದಕ್ಕಿಂತ ಮುಖ್ಯವಾಗಿ, ಏನು ಕಾಣುತ್ತದೆ ಏನು ಕಾಣುವುದಿಲ್ಲ ಎಂಬುದನ್ನು ಮಾಡೆಲ್ ತಮ್ಮ ಕಣ್ಣಾರೆ ನೋಡಿ ಒಪ್ಪಬಹುದು. "ಕಲಾತ್ಮಕವಾಗಿ ತೆಗೀತೀನಿ" ಎಂಬ ಮಾತಿಗೆ ಒಬ್ಬೊಬ್ಬರ ಮನಸ್ಸಿನಲ್ಲಿ ಒಂದೊಂದು ಅರ್ಥ. ಬೆನ್ನಿನ ಗೆರೆಚಿತ್ರಕ್ಕೆ ಒಂದೇ ಅರ್ಥ.

ಎಚ್ಚರಿಕೆಯ ಲಕ್ಷಣ: ಚಿತ್ರ ಬಿಡಿಸಲು ಕೂತಾಗ ಮನಸ್ಸಿಗೆ ಯಾವ ಆಕಾರವೂ ಹೊಳೆಯದೆ, "ನಗ್ನ ಚಿತ್ರ ತೆಗೆಯಬೇಕು" ಎಂಬುದಷ್ಟೇ ಉಳಿದರೆ ಶೂಟ್ ಮುಂದೂಡಿ.

## ಹಂತ 2: ಒಪ್ಪಿಗೆಯನ್ನು ಬಿಡಿಬಿಡಿಯಾಗಿ ಬರೆಯಿಸಿ

ಮಾಡೆಲ್‌ಗೆ 18 ವರ್ಷ ತುಂಬಿರಲೇಬೇಕು. ಸರ್ಕಾರಿ ಗುರುತಿನ ಚೀಟಿಯಲ್ಲಿ ಹುಟ್ಟಿದ ದಿನಾಂಕವನ್ನು ಖುದ್ದಾಗಿ ನೋಡಿ. ವಯಸ್ಸಿನ ಬಗ್ಗೆ ಚೂರು ಅನುಮಾನ ಬಂದರೂ ಶೂಟ್ ಬೇಡ. 18ರ ಒಳಗಿನವರ ವಿಷಯದಲ್ಲಿ ಅವರ ಒಪ್ಪಿಗೆಗೂ ಪೋಷಕರ ಒಪ್ಪಿಗೆಗೂ ಬೆಲೆಯಿಲ್ಲ. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಪೋಕ್ಸೊ ಕಾಯ್ದೆ ಮತ್ತು ಐಟಿ (ಮಾಹಿತಿ ತಂತ್ರಜ್ಞಾನ) ಕಾಯ್ದೆಯ 67ಬಿ ಕಲಮು ನೇರವಾಗಿ ಅನ್ವಯಿಸುತ್ತವೆ. ಚೀಟಿಯ ನಕಲು ಇಟ್ಟುಕೊಳ್ಳುವುದಾದರೆ ಆಧಾರ್ ಸಂಖ್ಯೆ ಮರೆಮಾಚಿದ ಪ್ರತಿ ಸಾಕು.

ಎಲ್ಲದಕ್ಕೂ ಸೇರಿಸಿ ಒಂದೇ ಸಹಿ ಹಾಕಿಸಿಕೊಳ್ಳುವುದು ಸಾಮಾನ್ಯ ತಪ್ಪು. ಫೋಟೊ ತೆಗೆಯಲು ಒಪ್ಪುವುದು ಬೇರೆ, ಅದನ್ನು ಮೂರನೆಯವರಿಗೆ ತೋರಿಸಲು ಒಪ್ಪುವುದು ಬೇರೆ. ಒಪ್ಪಿಗೆ ಪತ್ರದಲ್ಲಿ ಐದು ಸಾಲುಗಳಿಗೆ ಪ್ರತ್ಯೇಕವಾಗಿ ಹೌದು-ಇಲ್ಲ ಬರೆಸಿ: ಫೋಟೊ ತೆಗೆಯುವುದು, ಗ್ಯಾಲರಿಯವರಿಗೆ ಅಥವಾ ತೀರ್ಪುಗಾರರಿಗೆ ಖಾಸಗಿಯಾಗಿ ತೋರಿಸುವುದು, ಪ್ರದರ್ಶನದಲ್ಲಿ ಪ್ರಿಂಟ್ ಹಾಕುವುದು, ಅಂತರ್ಜಾಲದಲ್ಲಿ ಹಾಕುವುದು, ಮಾರುವುದು. ಮುಖ ಕಾಣಬಹುದೇ, ಹೆಸರು ಹಾಕಬಹುದೇ ಎಂಬುದು ಇನ್ನೆರಡು ಸಾಲು. ಮಾಡೆಲ್‌ಗೆ ಸರಾಗವಾಗಿ ಓದಲು ಬರುವ ಭಾಷೆಯಲ್ಲೇ ಪತ್ರವಿರಲಿ. ಕನ್ನಡದಲ್ಲಿ ಮಾತಾಡಿ ಇಂಗ್ಲಿಷ್ ನಮೂನೆಗೆ ಸಹಿ ಹಾಕಿಸಿದರೆ ಅದು ಅರ್ಧ ಒಪ್ಪಿಗೆ. ನಮೂನೆಯನ್ನು ಒಮ್ಮೆ ವಕೀಲರಿಗೆ ತೋರಿಸಿ ಸರಿಮಾಡಿಸಿಕೊಂಡರೆ ಮುಂದಿನ ಎಲ್ಲ ಶೂಟ್‌ಗಳಿಗೂ ಬಳಸಬಹುದು.

ಪತ್ರವನ್ನು ಕನಿಷ್ಠ ಎರಡು ದಿನ ಮುಂಚೆ ಕಳಿಸಿ. ಶೂಟ್ ದಿನ ಬಾಗಿಲಲ್ಲೇ ಕೈಗೆ ಪೆನ್ ಕೊಟ್ಟರೆ "ಇಲ್ಲ" ಎನ್ನಲು ಯಾರಿಗೂ ಆಗುವುದಿಲ್ಲ. ಸಂಭಾವನೆ ಎಷ್ಟೆಂದು ಬರೆದು, ಕ್ಯಾಮೆರಾ ಹೊರಗೆ ತೆಗೆಯುವ ಮುಂಚೆಯೇ ಪೂರ್ತಿ ಕೊಟ್ಟುಬಿಡಿ. ನಡುವೆ ನಿಲ್ಲಿಸಿದರೂ ಹಣ ವಾಪಸ್ ಕೇಳುವುದಿಲ್ಲ ಎಂಬ ಸಾಲೂ ಇರಲಿ. ಹಣ ಬಾಕಿಯಿದ್ದರೆ ಮಾಡೆಲ್ ಮನಸ್ಸಿಲ್ಲದಿದ್ದರೂ ಮುಂದುವರಿಯುತ್ತಾರೆ, ಅದು ಚಿತ್ರದಲ್ಲಿ ಕಾಣುತ್ತದೆ.

ಜೊತೆಗೆ ಯಾರನ್ನಾದರೂ ಕರೆತರುವಂತೆ ನೀವೇ ಹೇಳಿ. ಗೆಳತಿ, ಅಕ್ಕ, ಗಂಡ, ಯಾರಾದರೂ ಸರಿ, ಆಯ್ಕೆ ಮಾಡೆಲ್‌ದು. ನಿಮ್ಮ ಸಹಾಯಕರ ಹೆಸರನ್ನೂ ಮೊದಲೇ ತಿಳಿಸಿ. ಪತ್ರದಲ್ಲಿ ಹೆಸರಿಲ್ಲದ ಮನುಷ್ಯ ಕೋಣೆಯೊಳಗೆ ಬರಕೂಡದು.

## ಹಂತ 3: ಕಾನೂನು ಎಲ್ಲಿ ನಿಂತಿದೆ ಎಂದು ತಿಳಿದಿರಿ

ಭಾರತದಲ್ಲಿ ನಗ್ನತೆ ಮತ್ತು ಅಶ್ಲೀಲತೆ ಒಂದೇ ಅಲ್ಲ. ಅವೀಕ್ ಸರ್ಕಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2014ರಲ್ಲಿ ಇದನ್ನು ಸ್ಪಷ್ಟಪಡಿಸಿತು. ಟೆನಿಸ್ ಆಟಗಾರ ಬೋರಿಸ್ ಬೆಕರ್ ಮತ್ತು ಅವರ ಭಾವಿ ಪತ್ನಿಯ ನಗ್ನ ಚಿತ್ರವನ್ನು ಪತ್ರಿಕೆಯಲ್ಲಿ ಮುದ್ರಿಸಿದ ಪ್ರಕರಣ ಅದು. ಚಿತ್ರವನ್ನು ಅದರ ಸಂದರ್ಭದಲ್ಲಿಟ್ಟು, ಈ ಕಾಲದ ಸಮಾಜದ ಅಳತೆಗೋಲಿನಿಂದ ನೋಡಬೇಕು ಎಂಬುದು ತೀರ್ಪಿನ ತಿರುಳು. ಭಾರತೀಯ ನ್ಯಾಯ ಸಂಹಿತೆಯ 294ನೇ ಕಲಮು ಮತ್ತು 1986ರ ಮಹಿಳೆಯರ ಅಸಭ್ಯ ಚಿತ್ರಣ ನಿಷೇಧ ಕಾಯ್ದೆ ಎರಡರಲ್ಲೂ ಕಲೆಯ ಹಿತಕ್ಕಾಗಿ ವಿನಾಯಿತಿ ಇದೆ. ಆದರೆ ವಿನಾಯಿತಿ ಇದ್ದ ಮಾತ್ರಕ್ಕೆ ದೂರು ದಾಖಲಾಗುವುದಿಲ್ಲ ಎಂದೇನಿಲ್ಲ. ಠಾಣೆಯ ಮೆಟ್ಟಿಲು ಹತ್ತಿದ ಮೇಲೆ ನೆರವಿಗೆ ಬರುವುದು ನಿಮ್ಮ ಗೆರೆಚಿತ್ರ, ಒಪ್ಪಿಗೆ ಪತ್ರ, ಪ್ರದರ್ಶನದ ಟಿಪ್ಪಣಿಯಂಥ ಕಾಗದಗಳು.

ಒಪ್ಪಿಗೆ ಮೀರಿದರೆ ಕಲೆಯ ವಾದ ಕೆಲಸಕ್ಕೆ ಬರುವುದಿಲ್ಲ. ಫೋಟೊ ತೆಗೆಯಲು ಮಹಿಳೆ ಒಪ್ಪಿದ್ದರೂ, ಹಂಚಲು ಒಪ್ಪದ ಚಿತ್ರವನ್ನು ಹಂಚಿದರೆ ಸಂಹಿತೆಯ 77ನೇ ಕಲಮಿನಡಿ ಅಪರಾಧ. ಐಟಿ ಕಾಯ್ದೆಯ 66ಇ ಗಂಡು ಹೆಣ್ಣು ಎಲ್ಲರಿಗೂ ಅನ್ವಯಿಸುತ್ತದೆ. ಮೂರು ವರ್ಷದವರೆಗೆ ಸೆರೆವಾಸ, ಎರಡು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ವಾಟ್ಸ್‌ಆ್ಯಪ್‌ನಲ್ಲಿ ಒಬ್ಬ ಸ್ನೇಹಿತನಿಗೆ ಕಳಿಸಿದರೂ ಅದು ಹಂಚಿದಂತೆಯೇ.

ಕೃತಿಸ್ವಾಮ್ಯದಲ್ಲೂ ಒಂದು ಸೂಕ್ಷ್ಮವಿದೆ. 1957ರ ಕಾಯ್ದೆಯ 17ನೇ ಕಲಮಿನ ಪ್ರಕಾರ, ಹಣ ಕೊಟ್ಟು ಫೋಟೊ ತೆಗೆಸಿಕೊಂಡವರೇ, ಬೇರೆ ಕರಾರು ಇಲ್ಲದಿದ್ದರೆ, ಅದರ ಮೊದಲ ಹಕ್ಕುದಾರರು. ನೀವು ಮಾಡೆಲ್‌ಗೆ ಹಣ ಕೊಟ್ಟಿದ್ದರೆ ಹಕ್ಕು ನಿಮ್ಮದು. ಅವರೇ ನಿಮಗೆ ಹಣ ಕೊಟ್ಟು ತೆಗೆಸಿಕೊಂಡಿದ್ದರೆ ಅವರದು.

ಹೊರಾಂಗಣದ ಆಸೆ ಎಲ್ಲರಿಗೂ ಬರುತ್ತದೆ. ಹಂಪಿಯ ಬಂಡೆ, ಪಶ್ಚಿಮ ಘಟ್ಟದ ತೊರೆ ನೋಡಿದರೆ ಮನಸ್ಸು ಎಳೆಯುವುದು ಸಹಜ. ಸಾರ್ವಜನಿಕ ಸ್ಥಳದ ನಗ್ನತೆಗೆ ಸಂಹಿತೆಯ 296ನೇ ಕಲಮಿನಡಿ ದೂರು ಬೀಳಬಹುದು. ಸಂರಕ್ಷಿತ ಸ್ಮಾರಕದಲ್ಲಿ ಟ್ರೈಪಾಡ್‌ಗೂ ಪುರಾತತ್ವ ಇಲಾಖೆಯ ಅನುಮತಿ ಬೇಕು. ಖಾಸಗಿ ಎಸ್ಟೇಟ್‌ನಲ್ಲಾದರೂ ಮಾಲೀಕರ ಅನುಮತಿ ಬರಹದಲ್ಲಿರಬೇಕು, ತೋಟದ ಆಳುಗಳು ಓಡಾಡದ ಹೊತ್ತು ನೋಡಿಕೊಳ್ಳಬೇಕು. ಮೊದಲ ವರ್ಷ ಕೋಣೆಯೊಳಗೇ ಕಲಿಯಿರಿ.

## ಹಂತ 4: ಕೋಣೆಯನ್ನು ಕಪ್ಪಾಗಿಸಿ, ಬೆಚ್ಚಗಾಗಿಸಿ

12 ಅಡಿಗೆ 20 ಅಡಿ ಕೋಣೆ ಸಾಕು. ನಮ್ಮ ಮನೆಗಳ ದೊಡ್ಡ ತೊಂದರೆ ಗೋಡೆಯ ಬಣ್ಣ. ಬಿಳಿ ಗೋಡೆ ಬೆಳಕನ್ನು ಎಲ್ಲ ಕಡೆಗೂ ಎರಚಿ ನೆರಳನ್ನು ಬೂದಿಯಾಗಿಸುತ್ತದೆ. ತಿಳಿ ಹಸಿರು ಅಥವಾ ಗುಲಾಬಿ ಗೋಡೆಯಾದರೆ ನೆರಳಿಗೇ ಆ ಬಣ್ಣ ಬರುತ್ತದೆ. ಹಿಂಬದಿಗೆ ಕಪ್ಪು ಮಕಮಲ್ ಬಟ್ಟೆ ಹಾಕಿ, ಮೂರು ಮೀಟರ್ ಅಗಲಕ್ಕೆ ಬರುವಂತೆ ಹೊಲಿಸಿ. ಕಪ್ಪು ಸ್ಯಾಟಿನ್ ಅಥವಾ ಹೊಳಪಿನ ಲೈನಿಂಗ್ ಬಟ್ಟೆ ಬೇಡ. ಅದರ ಪ್ರತಿ ಸುಕ್ಕೂ ಬೆಳಕು ಹಿಡಿದು ಗೆರೆಯಾಗಿ ಕಾಣುತ್ತದೆ. ಲೈಟಿಗೆ ಎದುರಿನ ಗೋಡೆಗೆ ಎರಡು ಕಪ್ಪು ಬೆಡ್‌ಶೀಟ್ ನೇತುಹಾಕಿದರೂ ನಡೆದೀತು.

ಉಷ್ಣಾಂಶ 26ರಿಂದ 28 ಡಿಗ್ರಿ ಇರಲಿ. ನಿಮಗೆ ಸ್ವಲ್ಪ ಸೆಕೆಯಾದರೆ ಮಾಡೆಲ್‌ಗೆ ಹಿತವಾಗಿದೆ ಎಂದು ತಿಳಿಯಿರಿ. ಬೆಂಗಳೂರು, ಮೈಸೂರಿನ ಚಳಿಗಾಲದಲ್ಲಿ ಎಣ್ಣೆ ತುಂಬಿದ ರೂಮ್ ಹೀಟರನ್ನು ಅರ್ಧ ಗಂಟೆ ಮುಂಚೆಯೇ ಹಾಕಿ. ಬಿಸಿ ಗಾಳಿ ಊದುವ ಹೀಟರ್ ಚರ್ಮವನ್ನು ಒಣಗಿಸುತ್ತದೆ, ಕೂದಲು ಹಾರಿಸುತ್ತದೆ. ಫ್ಯಾನ್ ನಿಲ್ಲಿಸಿ. ನೆಲದ ಮೇಲೆ ಮಲಗುವ ಭಂಗಿಯಿದ್ದರೆ ಕಪ್ಪು ಬಟ್ಟೆಯ ಕೆಳಗೆ ಯೋಗ ಮ್ಯಾಟ್ ಹಾಸಿ, ಇಲ್ಲದಿದ್ದರೆ ತಣ್ಣನೆ ಟೈಲ್ಸ್ ಐದೇ ನಿಮಿಷದಲ್ಲಿ ಸೊಂಟ ಹಿಡಿಸುತ್ತದೆ.

ಬಟ್ಟೆ ಬದಲಿಸಲು ಒಳಗಿನಿಂದ ಚಿಲಕ ಹಾಕಿಕೊಳ್ಳಬಹುದಾದ ಬೇರೆ ಕೋಣೆ ಕೊಡಿ. ಶೂಟಿಂಗ್ ಕೋಣೆಯ ಕಿಟಕಿಗೆ ದಪ್ಪ ಪರದೆ ಎಳೆಯಿರಿ, ಸಿಸಿ ಕ್ಯಾಮೆರಾ ಇದ್ದರೆ ತಂತಿ ಕಿತ್ತುಹಾಕಿ ಮಾಡೆಲ್‌ಗೂ ತೋರಿಸಿ. ನಿಮ್ಮ ಮತ್ತು ನಿಮ್ಮ ಸಹಾಯಕರ ಮೊಬೈಲ್ ಹೊರಗೆ ಒಂದು ಬುಟ್ಟಿಯಲ್ಲಿರಲಿ. ಮಾಡೆಲ್ ಮತ್ತು ಅವರ ಜೊತೆಗೆ ಬಂದವರ ಮೊಬೈಲ್ ಅವರ ಹತ್ತಿರವೇ ಇರಲಿ.

## ಹಂತ 5: ಸಾಮಾನು

ಲೆನ್ಸ್ ಆಯ್ಕೆಗೆ ತಲೆ ಕೆಡಿಸಿಕೊಳ್ಳಬೇಡಿ. ಅಂಗಾಂಗ ವಿಕಾರವಾಗಿ ಕಾಣುವುದಕ್ಕೆ ಮುಖ್ಯ ಕಾರಣ ಕ್ಯಾಮೆರಾ ಹತ್ತಿರವಿರುವುದು. ಒಂದು ಮೀಟರ್‌ನಿಂದ ತೆಗೆದರೆ ಮುಂದೆ ಚಾಚಿದ ಮೊಣಕಾಲು ತಲೆಗಿಂತ ದೊಡ್ಡದಾಗಿ ಕಾಣುತ್ತದೆ. ಎರಡು ಮೀಟರ್ ದೂರಕ್ಕೆ ಸರಿಯಿರಿ. ಫುಲ್ ಫ್ರೇಮ್ ಕ್ಯಾಮೆರಾವನ್ನು ನಿಲುವಾಗಿ ಹಿಡಿದರೆ ಆ ದೂರದಲ್ಲಿ 50 ಎಂಎಂ ಲೆನ್ಸ್‌ನಲ್ಲಿ ಸುಮಾರು 1.4 ಮೀಟರ್, 85 ಎಂಎಂ ಲೆನ್ಸ್‌ನಲ್ಲಿ ಸುಮಾರು 85 ಸೆಂಟಿಮೀಟರ್ ಎತ್ತರ ಹಿಡಿಯುತ್ತದೆ. ಸಣ್ಣ ಸೆನ್ಸರ್ ಕ್ಯಾಮೆರಾದವರಿಗೆ 35 ಮತ್ತು 50 ಎಂಎಂ ಸಾಕು.

ಬೆಳಕಿಗೆ 200 ವ್ಯಾಟ್-ಸೆಕೆಂಡಿನ ಒಂದು ಫ್ಲ್ಯಾಶ್, ಅದಕ್ಕೆ 30ಕ್ಕೆ 120 ಸೆಂಟಿಮೀಟರ್‌ನ ಉದ್ದನೆಯ ಸ್ಟ್ರಿಪ್ ಸಾಫ್ಟ್‌ಬಾಕ್ಸ್, ಅದರ ಮೇಲೆ ಕಟ್ಟುವ ಬಟ್ಟೆಯ ಗ್ರಿಡ್, ಅಂದರೆ ಬೆಳಕು ಪಕ್ಕಕ್ಕೆ ಚೆಲ್ಲದಂತೆ ತಡೆಯುವ ಚೌಕಳಿ ಜಾಲರಿ. ಕರೆಂಟ್ ಹೋಗುವ ಊರಾದರೆ ಬ್ಯಾಟರಿ ಫ್ಲ್ಯಾಶ್ ಕೊಳ್ಳಿ ಅಥವಾ ಬಾಡಿಗೆಗೆ ತನ್ನಿ. ಇವುಗಳಲ್ಲಿ ಗ್ರಿಡ್ ಇಲ್ಲದಿದ್ದರೆ ಉಳಿದದ್ದೆಲ್ಲ ದಂಡ. ಗ್ರಿಡ್ ಇಲ್ಲದ ಸಾಫ್ಟ್‌ಬಾಕ್ಸ್ ಹಿನ್ನೆಲೆಯ ಮೇಲೂ ಲೆನ್ಸಿನೊಳಗೂ ಬೆಳಕು ಚೆಲ್ಲುತ್ತದೆ, ಕಪ್ಪು ಕಪ್ಪಾಗಿ ಉಳಿಯುವುದಿಲ್ಲ.

ಜೊತೆಗೆ 8 ಅಡಿಗೆ 4 ಅಡಿಯ ಎರಡು ಥರ್ಮೋಕೋಲ್ ಹಾಳೆ. ಒಂದು ಮೈಗೆ ಮ್ಯಾಟ್ ಕಪ್ಪು ಬಳಿದು ಇನ್ನೊಂದು ಮೈ ಬಿಳಿಯಾಗಿಯೇ ಬಿಡಿ. ಲೆನ್ಸ್ ಹುಡ್, ನೆಲಕ್ಕೆ ಗುರುತು ಹಾಕಲು ಬಣ್ಣದ ಟೇಪು, ಗ್ರೇ ಕಾರ್ಡ್. ಮಾಡೆಲ್‌ಗೆ ಒಗೆದಿಟ್ಟ ಸಡಿಲ ಹತ್ತಿಯ ನಿಲುವಂಗಿ, ಚಪ್ಪಲಿ, ಫ್ಲಾಸ್ಕ್‌ನಲ್ಲಿ ಬಿಸಿನೀರು.

## ಹಂತ 6: ಬೆಳಕನ್ನು ಮಡಕೆ ಮತ್ತು ಬದನೆಕಾಯಿಯ ಮೇಲೆ ಪರೀಕ್ಷಿಸಿ

ಇದು ಹಿಂದಿನ ದಿನದ ಕೆಲಸ, ಇದನ್ನು ಬಿಟ್ಟವರೇ ಮರುದಿನ ಒದ್ದಾಡುವುದು. ಸ್ಟೂಲಿನ ಮೇಲೆ ಒಂದು ಮಣ್ಣಿನ ಮಡಕೆ, ಪಕ್ಕದಲ್ಲಿ ದೊಡ್ಡ ನೇರಳೆ ಬದನೆಕಾಯಿ ಇಡಿ. ಮಡಕೆಯ ಒರಟು ಮೈ ಒಣ ಚರ್ಮದಂತೆ ಬೆಳಕನ್ನು ಹರಡುತ್ತದೆ. ಬದನೆಕಾಯಿ ಎಣ್ಣೆ ಹಚ್ಚಿದ ಕಂದು ಚರ್ಮದಂತೆ ಲೈಟಿನ ಆಕಾರವನ್ನೇ ಹಿಂತಿರುಗಿಸುತ್ತದೆ. ಎರಡರ ಮೇಲೂ ಬೆಳಕು ಸರಿಯಾಗಿ ಕೂತರೆ ಮೈಮೇಲೂ ಕೂರುತ್ತದೆ.

ಮೊದಲು ಕ್ಯಾಮೆರಾವನ್ನು ಮ್ಯಾನ್ಯುಯಲ್‌ಗೆ ಹಾಕಿ. ಐಎಸ್‌ಒ 100, ಶಟರ್ 1/160, ಅಪರ್ಚರ್ ಎಫ್ 8. ಫ್ಲ್ಯಾಶ್ ಆಫ್ ಮಾಡಿ ಒಂದು ಫೋಟೊ ತೆಗೆಯಿರಿ. ಪೂರ್ತಿ ಕಪ್ಪು ಬರಬೇಕು. ಏನಾದರೂ ಕಂಡರೆ ಕೋಣೆಯ ದೀಪವೋ ಕಿಟಕಿಯ ಸಂದೋ ಬೆಳಕು ಕೊಡುತ್ತಿದೆ ಎಂದರ್ಥ. ಅದನ್ನು ಮುಚ್ಚಿದ ಮೇಲೆಯೇ ಫ್ಲ್ಯಾಶ್ ಹಚ್ಚಿ.

ಲೈಟನ್ನು ಮಡಕೆಯಿಂದ 75 ಸೆಂಟಿಮೀಟರ್ ದೂರದಲ್ಲಿ, ನೇರ ಪಕ್ಕಕ್ಕಿಂತ ತುಸು ಹಿಂದಕ್ಕೆ ನಿಲ್ಲಿಸಿ. ಕ್ಯಾಮೆರಾದ ಗೆರೆಯಿಂದ ಲೆಕ್ಕ ಹಾಕಿದರೆ 100ರಿಂದ 120 ಡಿಗ್ರಿ. ಎದುರಿನಿಂದ ಬೀಳುವ ಬೆಳಕು ಆಕಾರವನ್ನು ಚಪ್ಪಟೆ ಮಾಡುತ್ತದೆ. ಹಿಂದಿನ ಪಕ್ಕದಿಂದ ಸವರಿಕೊಂಡು ಬರುವ ಬೆಳಕು ಬೆನ್ನೆಲುಬಿನ ಹಳ್ಳವನ್ನೂ ಭುಜದ ಮೂಳೆಯ ಏಣನ್ನೂ ಬಿಡಿಸಿ ತೋರಿಸುತ್ತದೆ.

ಹಿನ್ನೆಲೆಯನ್ನು ಲೈಟಿನಿಂದ ಮೂರು ಮೀಟರ್ ದೂರ ತಳ್ಳಿ. ದೂರ ನಾಲ್ಕು ಪಟ್ಟಾದರೆ ಬೆಳಕು ಹದಿನಾರನೇ ಒಂದು ಪಾಲಿಗೆ, ಅಂದರೆ ನಾಲ್ಕು ಸ್ಟಾಪ್ ಇಳಿಯುತ್ತದೆ (ಬೆಳಕು ಅರ್ಧವಾದರೆ ಒಂದು ಸ್ಟಾಪ್). ಉದ್ದನೆಯ ಸಾಫ್ಟ್‌ಬಾಕ್ಸ್ ಇಷ್ಟು ಹತ್ತಿರದಲ್ಲಿದ್ದಾಗ ಈ ಲೆಕ್ಕ ಪೂರ್ತಿ ಕೂಡಿಬರುವುದಿಲ್ಲ, ಆದರೂ ಗ್ರಿಡ್ ಸೇರಿದರೆ ಮಕಮಲ್ ಸಂಪೂರ್ಣ ಕಪ್ಪಾಗಲು ಅಷ್ಟು ಸಾಕು. ಹಿನ್ನೆಲೆ ಬೂದಿಯಾಗಿ ಬರುತ್ತಿದ್ದರೆ ಫ್ಲ್ಯಾಶ್ ಕಡಿಮೆ ಮಾಡಬೇಡಿ. ಲೈಟನ್ನೂ ಸ್ಟೂಲನ್ನೂ ಒಟ್ಟಿಗೆ ಮುಂದಕ್ಕೆ ತನ್ನಿ.

ಎಕ್ಸ್‌ಪೋಶರನ್ನು ಹಿಸ್ಟೋಗ್ರಾಮ್ (ಚಿತ್ರದಲ್ಲಿ ಕಪ್ಪಿನಿಂದ ಬಿಳಿಯವರೆಗೆ ಯಾವುದು ಎಷ್ಟಿದೆ ಎಂದು ತೋರಿಸುವ ನಕ್ಷೆ) ನೋಡಿ ನಿರ್ಧರಿಸಬೇಕೇ ಹೊರತು ಕ್ಯಾಮೆರಾದ ಹಿಂಬದಿಯ ಪರದೆಯಲ್ಲಿ ಚಿತ್ರ ನೋಡಿ ಅಲ್ಲ. ಕತ್ತಲ ಕೋಣೆಯಲ್ಲಿ ಆ ಪರದೆ ಎಲ್ಲವನ್ನೂ ಇದ್ದದ್ದಕ್ಕಿಂತ ಬೆಳ್ಳಗೆ ತೋರಿಸುತ್ತದೆ. ಈ ಬಗೆಯ ಚಿತ್ರದ ಹಿಸ್ಟೋಗ್ರಾಮ್ ಎಡಕ್ಕೆ ಗುಡ್ಡೆಯಾಗಿ, ಬಲಕ್ಕೆ ತೆಳ್ಳನೆ ಬಾಲ ಚಾಚಿರುತ್ತದೆ. ಬಾಲ ಬಲತುದಿಯ ಗೋಡೆ ಮುಟ್ಟದಂತೆ ನೋಡಿಕೊಳ್ಳಿ, ಬಿಳಿ ಸುಟ್ಟ ಜಾಗವನ್ನು ಮಿನುಗಿಸಿ ತೋರಿಸುವ ಸೂಚನೆಯನ್ನು ಆನ್ ಮಾಡಿಡಿ.

ಗಾಢ ಬಣ್ಣದ ಚರ್ಮಕ್ಕೆ ಫ್ಲ್ಯಾಶ್ ಶಕ್ತಿ ಏರಿಸುತ್ತ ಹೋಗುವುದು ಇನ್ನೊಂದು ಸಾಮಾನ್ಯ ತಪ್ಪು. ಅಂಥ ಚರ್ಮದ ಆಕಾರ ತಿಳಿಯುವುದು ಹರಡಿದ ಬೆಳಕಿಗಿಂತ ಹೆಚ್ಚಾಗಿ ಮೈಮೇಲಿನ ಹೊಳಪಿನಿಂದ. ಬೆಳಕಿನ ಮೂಲ ದೊಡ್ಡದಾಗಿ, ಹತ್ತಿರವಾಗಿದ್ದರೆ ಹೊಳಪು ಅಗಲವಾಗಿ ಮೃದುವಾಗಿ ಹರಿಯುತ್ತದೆ. ಬದನೆಕಾಯಿಯ ಮೇಲೆ ಬೆಳಕಿನ ಪಟ್ಟಿ ತುದಿಯಿಂದ ತೊಟ್ಟಿನವರೆಗೆ ಒಂದೇ ಸಮ ಇಳಿದರೆ ಸರಿ. ಒಂದು ಬಿಳಿ ಚುಕ್ಕೆಯಾಗಿ ನಿಂತರೆ ಲೈಟ್ ದೂರವಿದೆ.

ನೆರಳಿನ ಕಡೆ ಏನೂ ಕಾಣದಿದ್ದರೆ ಬಿಳಿ ಥರ್ಮೋಕೋಲನ್ನು ಒಂದೂವರೆ ಮೀಟರ್‌ನಲ್ಲಿ ನಿಲ್ಲಿಸಿ, ಬೇಕಾದಷ್ಟು ಹತ್ತಿರ ತನ್ನಿ. ನೆರಳು ತೆಳುವಾಗಿದ್ದರೆ ಕಪ್ಪು ಮೈ ತಿರುಗಿಸಿ. ಎಲ್ಲ ಸರಿಯಾದ ಮೇಲೆ ಲೈಟಿನ ಕಾಲು, ಸ್ಟೂಲು, ಟ್ರೈಪಾಡ್ ನಿಂತ ಜಾಗಗಳಿಗೆ ಟೇಪಿನ ಗುರುತು ಹಾಕಿ. ಪ್ರತಿ ಗೆರೆಚಿತ್ರಕ್ಕೂ ಒಂದೊಂದು ಬಣ್ಣದ ಟೇಪು ಬಳಸಿದರೆ ಮರುದಿನ ಲೈಟ್ ಬದಲಿಸಲು ಒಂದು ನಿಮಿಷವೂ ಹಿಡಿಯುವುದಿಲ್ಲ.

## ಹಂತ 7: ಮೈಯ ಸಿದ್ಧತೆ

ಒಳಉಡುಪಿನ ಎಲಾಸ್ಟಿಕ್, ಸಾಕ್ಸ್, ಬಿಗಿ ಜೀನ್ಸ್, ಗಡಿಯಾರ, ಕೂದಲ ಬ್ಯಾಂಡ್, ಲಂಗದ ಲಾಡಿ ಮೈಮೇಲೆ ಗುರುತು ಬಿಡುತ್ತವೆ. ಪಕ್ಕದ ಬೆಳಕಿನಲ್ಲಿ ಪ್ರತಿ ಗುರುತೂ ಕಾಲುವೆಯಾಗಿ ಕಾಣುತ್ತದೆ. ಶೂಟ್‌ಗೆ ಎರಡು ಗಂಟೆ ಮುಂಚಿನಿಂದ ಸಡಿಲ ನೈಟಿಯೋ ಪಂಚೆಯೋ ಉಟ್ಟಿರಲು ಹೇಳಿ. ಬಿಗಿ ಬಟ್ಟೆಯಲ್ಲೇ ಬಂದಿದ್ದರೆ ನಿಲುವಂಗಿ ಕೊಟ್ಟು, ಕಾಫಿ ಕುಡಿಯುತ್ತ ಒಂದು ಗಂಟೆ ಕಾಯುವುದೇ ಮೇಲು. ಫೋಟೊಶಾಪ್‌ನಲ್ಲಿ ಆ ಗೆರೆ ಅಳಿಸಲು ಅದಕ್ಕಿಂತ ಹೆಚ್ಚು ಹೊತ್ತು ಬೇಕು.

ತಾಳಿ, ಕಾಲುಂಗುರ, ಮೂಗುತಿ, ಜನಿವಾರ, ಉಡಿದಾರ ತೆಗೆಯುತ್ತೀರಾ ಎಂದು ದಿನಗಳ ಮುಂಚೆಯೇ ಕೇಳಿ. ಇಲ್ಲವೆಂದರೆ ಆ ಮಾತು ಅಲ್ಲಿಗೆ ಮುಗಿಯಿತು, ಅದಕ್ಕೆ ತಕ್ಕಂತೆ ಫ್ರೇಮ್ ಬದಲಿಸಿ. ಉಡಿದಾರವಂತೂ ಸೊಂಟದ ತಿರುವಿನ ಮೇಲೆ ಒಂದು ಗೆರೆಯಾಗಿ ಚಿತ್ರಕ್ಕೆ ಬಲ ಕೊಡಬಲ್ಲದು. ಅನಾಮಿಕರಾಗಿ ಉಳಿಯಲು ಬಯಸುವವರ ವಿಷಯದಲ್ಲಿ ಮುಖ ಮರೆಮಾಡಿದರೆ ಸಾಲದು. ಹಚ್ಚೆ, ದೊಡ್ಡ ಮಚ್ಚೆ, ಶಸ್ತ್ರಚಿಕಿತ್ಸೆಯ ಗುರುತು, ಬೆರಳಿನ ಉಂಗುರ ಇವೆಲ್ಲ ಗುರುತು ಹೇಳುತ್ತವೆ. ಏನೇನು ಕಾಣಬಾರದು ಎಂಬ ಪಟ್ಟಿ ಅವರೇ ಕೊಡಲಿ.

ಎಣ್ಣೆ ಬೇಕಾದರೆ ಕೊಬ್ಬರಿ ಎಣ್ಣೆಯ ನಾಲ್ಕೈದು ಹನಿಯನ್ನು ಅಂಗೈಗೆ ಉಜ್ಜಿ ಅವರೇ ತೆಳ್ಳಗೆ ಸವರಿಕೊಳ್ಳಲಿ. ಸುರಿದುಕೊಂಡರೆ ಆಕಾರ ಹೋಗಿ ಬರೀ ಬಿಳಿ ತುಣುಕುಗಳು ಉಳಿಯುತ್ತವೆ, ಮಕಮಲ್ ಮೇಲೆ ಕಲೆಯೂ ಆಗುತ್ತದೆ. ಎಣ್ಣೆ ಬೇಕಿರುವ ಫ್ರೇಮುಗಳನ್ನು ಕೊನೆಗಿಡಿ.

## ಹಂತ 8: ಶೂಟ್

ಮೊದಲ ಹದಿನೈದು ನಿಮಿಷ ನಿಲುವಂಗಿಯಲ್ಲೇ ಮಾಡೆಲ್ ಟೇಪಿನ ಗುರುತಿನ ಮೇಲೆ ನಿಲ್ಲಲಿ. ಎಕ್ಸ್‌ಪೋಶರ್ ಕಡೆಯ ಸಲ ನೋಡಿ, ಭಂಗಿ ಬಟ್ಟೆಯಲ್ಲೇ ಅಭ್ಯಾಸವಾಗಲಿ. ಫೋಕಸ್ ಬೆಳಕಿನ ಕಡೆಯ ಅಂಚಿನ ಮೇಲಿರಲಿ. ನೆರಳಲ್ಲಿ ಕ್ಯಾಮೆರಾ ಹುಡುಕಾಡುತ್ತದೆ.

ನಿಲುವಂಗಿ ತೆಗೆದ ಮೇಲೆ ಮೊದಲ ಫ್ರೇಮ್ ಬೆನ್ನಿನದಾಗಿರಲಿ. ಕ್ಯಾಮೆರಾಕ್ಕೆ ಬೆನ್ನು ಮಾಡಿ ನಿಂತಾಗ ಮುಜುಗರ ಅರ್ಧ ಇಳಿಯುತ್ತದೆ. ಜೊತೆಗೆ ಬೆನ್ನಿನಷ್ಟು ಬೆಳಕಿಗೆ ಒಲಿಯುವ ಭಾಗ ಇನ್ನೊಂದಿಲ್ಲ. ಹತ್ತು ನಿಮಿಷ ಕೆಲಸ, ಆಮೇಲೆ ನಿಲುವಂಗಿ ಹಾಕಿಕೊಂಡು ಐದು ನಿಮಿಷ ವಿರಾಮ. ಕೈ ಎತ್ತಿ ಹಿಡಿಯುವ ಅಥವಾ ನಡು ತಿರುಚುವ ಭಂಗಿಯಾದರೆ ಒಂದು ನಿಮಿಷಕ್ಕಿಂತ ಹೆಚ್ಚು ಹಿಡಿಸಬೇಡಿ. ಎರಡೂವರೆ ಗಂಟೆಗೆ ಮುಗಿಸಿ.

ಮೈ ಮುಟ್ಟಬೇಡಿ. "ಕೂದಲು ಸರಿ ಮಾಡ್ಲಾ" ಎಂದು ಕೇಳಿ ಮುಟ್ಟುವುದೂ ಬೇಡ. ಭಂಗಿಯನ್ನು ನಿಮ್ಮ ಮೈಯಲ್ಲೇ ಮಾಡಿ ತೋರಿಸಿ, ಅಥವಾ ಗೆರೆಚಿತ್ರ ತೋರಿಸಿ. ಮಾತು ದೇಹದ ಬಗ್ಗೆ ಬೇಡ, ಕೆಲಸದ ಬಗ್ಗೆ ಇರಲಿ: "ಎಡ ಭುಜ ಸ್ವಲ್ಪ ಮುಂದೆ ತನ್ನಿ", "ಗಲ್ಲ ಲೈಟಿನ ಕಡೆ", "ಉಸಿರು ಪೂರ್ತಿ ಬಿಡಿ". "ತುಂಬಾ ಚೆನ್ನಾಗಿ ಕಾಣ್ತಿದ್ದೀರಿ" ಎಂಬ ಮಾತು ಕೇಳುವವರ ಕಿವಿಗೆ ಬೇರೆಯಾಗಿಯೇ ಬೀಳುತ್ತದೆ. "ಬೆಳಕು ಬೆನ್ನೆಲುಬಿನ ಮೇಲೆ ಸರಿಯಾಗಿ ಕೂತಿದೆ, ಹಾಗೇ ಇರಿ" ಎಂದರೆ ಅವರಿಗೆ ಏನು ಮಾಡಬೇಕೆಂಬುದೂ ತಿಳಿಯುತ್ತದೆ. ಕೋಣೆಯಲ್ಲಿ ಪೂರ್ತಿ ಮೌನವೂ ಒಳ್ಳೆಯದಲ್ಲ. ಏನೋ ತಪ್ಪಾಗಿದೆ ಎಂದು ಅವರು ಅಂದುಕೊಳ್ಳುತ್ತಾರೆ.

ಆಕಾರ ಕೆಡುವುದು ಸಾಮಾನ್ಯವಾಗಿ ಕೈಕಾಲುಗಳಲ್ಲಿ. ಅಂಗೈ ಕ್ಯಾಮೆರಾಕ್ಕೆ ಅಗಲವಾಗಿ ಕಂಡರೆ ಕೈ ದಪ್ಪವಾಗಿ ಕಾಣುತ್ತದೆ. ಕಿರುಬೆರಳಿನ ಅಂಚು ತಿರುಗಿಸಿದರೆ ಸಣ್ಣಗಾಗುತ್ತದೆ. ತೋಳನ್ನು ಪಕ್ಕೆಗೆ ಒತ್ತಿಕೊಂಡರೆ ಅದು ಚಪ್ಪಟೆಯಾಗಿ ಹರಡುತ್ತದೆ, ಎರಡು ಬೆರಳಿನ ಸಂದು ಬಿಡಿಸಿ. ಭಾರ ಒಂದೇ ಕಾಲಿನ ಮೇಲಿದ್ದರೆ ಸೊಂಟ ಒಂದು ಕಡೆ ಏರಿ, ಭುಜ ಅದೇ ಕಡೆ ಇಳಿದು, ನಮ್ಮ ಶಿಲ್ಪಿಗಳು ತ್ರಿಭಂಗಿಯಲ್ಲಿ ಹಿಡಿದ ತಿರುವು ತಾನಾಗಿ ಬರುತ್ತದೆ. ಫ್ರೇಮನ್ನು ಮಣಿಕಟ್ಟು, ಮೊಣಕಾಲು, ಹರಡಿನ ಗಂಟಿನಲ್ಲಿ ಕತ್ತರಿಸಬೇಡಿ. ತೊಡೆಯ ಅಥವಾ ತೋಳಿನ ಮಧ್ಯದಲ್ಲಿ ಕತ್ತರಿಸಿ.

ಪ್ರತಿ ವಿರಾಮದಲ್ಲೂ ತೆಗೆದ ಚಿತ್ರಗಳನ್ನು ಮಾಡೆಲ್‌ಗೆ ತೋರಿಸಿ. ಬೇಡವೆಂದದ್ದನ್ನು ಅಲ್ಲೇ ಅಳಿಸಿ. ಒಪ್ಪಿಗೆ ಪತ್ರದಲ್ಲಿ ಇಲ್ಲದ ಭಂಗಿ ಹೊಳೆದರೆ, ಅವರು ನಿಲುವಂಗಿ ಹಾಕಿಕೊಂಡು ಕೂತಿದ್ದಾಗ ಕೇಳಿ, ನಿಂತಿದ್ದಾಗ ಬೇಡ.

ನಿಲ್ಲಿಸಬೇಕಾದ ಲಕ್ಷಣಗಳು ಬಾಯಿಬಿಟ್ಟು ಹೇಳಿದವೇ ಆಗಿರುವುದಿಲ್ಲ. ಉತ್ತರ ಒಂದೊಂದೇ ಪದಕ್ಕೆ ಇಳಿಯುವುದು, ಕಾಲಿನ ಬೆರಳು ಮಡಚಿಕೊಳ್ಳುವುದು, ಪದೇಪದೇ ಬಾಗಿಲ ಕಡೆ ನೋಡುವುದು, ತೋಳು ತಾನಾಗಿ ಎದೆಗೆ ಬರುವುದು. ಇವುಗಳಲ್ಲಿ ಯಾವುದು ಕಂಡರೂ ಕ್ಯಾಮೆರಾ ಕೆಳಗಿಟ್ಟು ನಿಲುವಂಗಿ ಕೊಡಿ. ಮುಂದುವರಿಸೋಣವೇ ಎಂದು ಆಮೇಲೆ ಕೇಳಿ.

## ಹಂತ 9: ಫೈಲುಗಳ ಭದ್ರತೆ

ಕಂಪ್ಯೂಟರಿಗೆ ನೇರ ಜೋಡಿಸಿ ತೆಗೆಯುವುದಾದರೆ ಕೇಬಲ್ ಬಳಸಿ, ವೈಫೈ ಬೇಡ. ಲ್ಯಾಪ್‌ಟಾಪಿನಲ್ಲಿ ಗೂಗಲ್ ಫೋಟೋಸ್, ಒನ್‌ಡ್ರೈವ್, ಐಕ್ಲೌಡ್ ತಾವಾಗಿಯೇ ಫೈಲು ಮೇಲಕ್ಕೆ ಕಳಿಸುತ್ತಿವೆಯೇ ನೋಡಿ ಮೊದಲೇ ನಿಲ್ಲಿಸಿ. ಮನೆಯವರ ಟೀವಿಯ ಸ್ಕ್ರೀನ್‌ಸೇವರ್‌ನಲ್ಲಿ ಚಿತ್ರ ಬರುವುದು ಇದೇ ದಾರಿಯಿಂದ.

ಎರಡು ಹಾರ್ಡ್‌ಡಿಸ್ಕ್‌ಗಳಿಗೆ ನಕಲಿಸಿ, ಎರಡಕ್ಕೂ ಬಿಟ್‌ಲಾಕರ್ ಅಥವಾ ವೆರಾಕ್ರಿಪ್ಟ್‌ನಿಂದ ಬೀಗ ಹಾಕಿ. ಕಾರ್ಡಿನಿಂದ ಡಿಲೀಟ್ ಮಾಡಿದ, ಮಾಮೂಲಿ ಫಾರ್ಮ್ಯಾಟ್ ಮಾಡಿದ ಫೈಲುಗಳನ್ನು ರಿಕವರಿ ತಂತ್ರಾಂಶದಿಂದ ಮತ್ತೆ ಹೊರತೆಗೆಯಬಹುದು. ಆದ್ದರಿಂದ ಈ ಕೆಲಸಕ್ಕೆ ಬಳಸಿದ ಕಾರ್ಡನ್ನು ಯಾರಿಗೂ ಎರವಲು ಕೊಡಬೇಡಿ, ಮಾರಬೇಡಿ. ಕ್ಯಾಮೆರಾ ರಿಪೇರಿಗೆ ಕೊಡುವಾಗ ಕಾರ್ಡ್ ತೆಗೆದೇ ಕೊಡಿ. ಹೊರಗೆ ಹೋಗುವ ಪ್ರತಿ ಫೈಲಿನಿಂದ ಸ್ಥಳ, ಕ್ಯಾಮೆರಾದ ಕ್ರಮಸಂಖ್ಯೆ ಇರುವ ಮೆಟಾಡೇಟಾ ಅಳಿಸಿ. ಫೈಲಿನ ಹೆಸರಿನಲ್ಲಿ ಮಾಡೆಲ್ ಹೆಸರು ಬೇಡ.

ನಾಯ್ಸ್ ತೆಗೆಯುವ, ಚರ್ಮ ನಯ ಮಾಡುವ ಅಂತರ್ಜಾಲದ ಎಐ ಸೇವೆಗಳಿಗೆ ಈ ಚಿತ್ರಗಳನ್ನು ಹಾಕಲೇಬೇಡಿ. ಅಲ್ಲಿ ಹೋದ ಚಿತ್ರದ ಮೇಲೆ ನಿಮಗೂ ಮಾಡೆಲ್‌ಗೂ ಹಿಡಿತ ಉಳಿಯುವುದಿಲ್ಲ.

## ಹಂತ 10: ಎಡಿಟಿಂಗ್

ರಾ ಫೈಲನ್ನು (ಕ್ಯಾಮೆರಾ ಸಂಸ್ಕರಿಸದೆ ಉಳಿಸಿದ ಮೂಲ ಫೈಲು) ಕಪ್ಪು-ಬಿಳುಪಿಗೆ ತಿರುಗಿಸುವಾಗ ಸ್ಯಾಚುರೇಶನ್ ಸೊನ್ನೆ ಮಾಡಿ ಬಿಡಬೇಡಿ. ಚರ್ಮದ ಬಣ್ಣ ಹೆಚ್ಚಾಗಿ ಕಿತ್ತಳೆ ಮತ್ತು ಕೆಂಪಿನಲ್ಲಿರುತ್ತದೆ. ಕಪ್ಪು-ಬಿಳುಪಿನಲ್ಲಿ ಆ ಎರಡು ಬಣ್ಣಗಳ ಹೊಳಪನ್ನು ಏರಿಸಿದರೆ ಚರ್ಮ ತಿಳಿಯಾಗಿ ಕಲೆಗಳು ಮರೆಯಾಗುತ್ತವೆ. ಇಳಿಸಿದರೆ ಗಾಢವಾಗಿ, ಪ್ರತಿ ರಂಧ್ರವೂ ಮಚ್ಚೆಯೂ ಎದ್ದು ಕಾಣುತ್ತದೆ. ಮುದುಕರ ಕೈಯ ಅಥವಾ ದುಡಿದ ಬೆನ್ನಿನ ಚಿತ್ರಕ್ಕೆ ಎರಡನೆಯದು ಬೇಕಾಗಬಹುದು. ಎಲ್ಲರನ್ನೂ ಬಿಳಿ ಮಾಡುವ ಚಟ ಮಾತ್ರ ಬೇಡ, ಗಾಢ ಚರ್ಮದ ಹೊಳಪೇ ಈ ಚಿತ್ರದ ಜೀವ.

ಬಿಸಿಲಿಗೆ ಕಂದಿದ ಕೈ-ಕತ್ತು, ಬಟ್ಟೆಯೊಳಗಿದ್ದ ಮೈ ಎರಡರ ಬಣ್ಣದ ಅಂತರ ನಮ್ಮಲ್ಲಿ ತುಂಬಾ ಇರುತ್ತದೆ, ಬೈಕ್ ಓಡಿಸುವವರಲ್ಲಿ ಇನ್ನೂ ಹೆಚ್ಚು. ಮೆದು ಬ್ರಶ್, 5ರಿಂದ 10 ಪ್ರತಿಶತ ಫ್ಲೋ, ಆಯ್ದ ಜಾಗವನ್ನು ತಿಳಿಯಾಗಿಸುವ ಡಾಡ್ಜ್ ಮತ್ತು ಗಾಢವಾಗಿಸುವ ಬರ್ನ್‌ನಿಂದ ನಿಧಾನವಾಗಿ ಅಂಚು ಬೆರೆಸಿ. ಸ್ಕಿನ್ ಸ್ಮೂತಿಂಗ್ ಎಳೆದರೆ ಮೈ ಪ್ಲಾಸ್ಟಿಕ್ಕಾಗುತ್ತದೆ. ಸೊಂಟ ಸಣ್ಣ ಮಾಡುವುದು, ಹೊಟ್ಟೆ ಒಳಗೆ ತಳ್ಳುವುದು ಮಾಡೆಲ್ ಕೇಳದೆ ಬೇಡವೇ ಬೇಡ. ಅದು ಅವರ ದೇಹ, ಅವರು ತೋರಿಸಲು ಒಪ್ಪಿದ್ದೂ ಅದನ್ನೇ.

## ಹಂತ 11: ಪ್ರಿಂಟ್ ಮತ್ತು ಪ್ರದರ್ಶನ

ಇನ್‌ಸ್ಟಾಗ್ರಾಮ್ ಚಿತ್ರಕಲೆ ಮತ್ತು ಶಿಲ್ಪದ ನಗ್ನತೆಯನ್ನು ಬಿಡುತ್ತದೆ, ಫೋಟೊದ ನಗ್ನತೆಯನ್ನು ಬಿಡುವುದಿಲ್ಲ. ಚಿತ್ರಕ್ಕೆ ಮಸಿ ಬಳಿದು ಅಲ್ಲಿ ಹಾಕುವ ಬದಲು ಪ್ರಿಂಟ್ ಮಾಡಿ. ಗ್ಯಾಲರಿ ಕಾಯ್ದಿರಿಸುವ ಮುಂಚೆಯೇ ಏನು ಹಾಕುತ್ತೀರಿ ಎಂದು ಪ್ರಿಂಟ್ ತೋರಿಸಿ ಮಾತಾಡಿ, ಬಾಗಿಲಲ್ಲಿ ಸೂಚನಾ ಫಲಕ ಮತ್ತು ವಯಸ್ಸಿನ ಮಿತಿ ಇರಲಿ. ಒಳಗೆ ಮೊಬೈಲ್ ಫೋಟೊ ನಿಷೇಧಿಸಿ, ನೋಡಿಕೊಳ್ಳಲು ಒಬ್ಬರನ್ನು ನಿಲ್ಲಿಸಿ.

ಪರದೆಯಲ್ಲಿ ಚೆನ್ನಾಗಿದ್ದದ್ದು ಪ್ರಿಂಟ್‌ನಲ್ಲಿ ಕಪ್ಪು ಮುದ್ದೆಯಾಗುವುದಕ್ಕೆ ಕಾರಣ ಮಾನಿಟರಿನ ಬೆಳಕು. ಅದನ್ನು ಚದರ ಮೀಟರಿಗೆ 80ರಿಂದ 120 ಕ್ಯಾಂಡೆಲಾ ಮಟ್ಟಕ್ಕೆ ಇಳಿಸಿ, ಕಾಗದದ ಐಸಿಸಿ ಪ್ರೊಫೈಲ್ (ಆ ಕಾಗದದಲ್ಲಿ ಬಣ್ಣ ಹೇಗೆ ಬರುತ್ತದೆ ಎಂಬ ವಿವರದ ಫೈಲು) ಹಾಕಿ ಸಾಫ್ಟ್ ಪ್ರೂಫ್, ಅಂದರೆ ಪ್ರಿಂಟ್ ಹೇಗೆ ಕಾಣಬಹುದೆಂಬ ಮುನ್ನೋಟ ನೋಡಿ. ಹತ್ತಿಯ ಮ್ಯಾಟ್ ಕಾಗದ ಮುಟ್ಟಲು ಹಿತವಾಗಿದ್ದರೂ ಅದರ ಕಪ್ಪು ಅಷ್ಟು ಆಳವಿರುವುದಿಲ್ಲ, ಗಾಢ ಚಿತ್ರಗಳು ಮಂಕಾಗುತ್ತವೆ. ಈ ಕೆಲಸಕ್ಕೆ 300 ಜಿಎಸ್‌ಎಂ ಆಸುಪಾಸಿನ ಬರೈಟಾ (ಬೇರಿಯಂ ಸಲ್ಫೇಟ್ ಲೇಪಿಸಿದ) ಕಾಗದ ಮೇಲು. 24 ಮೆಗಾಪಿಕ್ಸೆಲ್ ಫೈಲಿನಿಂದ ಇಂಚಿಗೆ 300 ಚುಕ್ಕೆಯಂತೆ 20 ಇಂಚಿಗೆ 13 ಇಂಚು ಪ್ರಿಂಟ್ ಬರುತ್ತದೆ. ಮೊದಲು ನೆರಳಿನ ಭಾಗವೊಂದನ್ನೇ ಮೂರು ಹಂತದ ಹೊಳಪಿನಲ್ಲಿ ಸಣ್ಣ ಪಟ್ಟಿಯಾಗಿ ತೆಗೆಸಿ, ಒಣಗಿದ ಮೇಲೆ, ಗ್ಯಾಲರಿಯಲ್ಲಿರುವಂಥ ದೀಪದಡಿ ನೋಡಿ ಆರಿಸಿ.

ಲ್ಯಾಬಿಗೆ ಫೈಲನ್ನು ಇಮೇಲ್ ಮಾಡಬೇಡಿ. ಪೆನ್‌ಡ್ರೈವ್‌ನಲ್ಲಿ ಕೊಂಡೊಯ್ದು, ಪ್ರಿಂಟ್ ಮುಗಿಯುವವರೆಗೆ ಅಲ್ಲೇ ಇದ್ದು, ಅವರ ಕಂಪ್ಯೂಟರಿನ ಫೋಲ್ಡರಿನಿಂದಲೂ ಪ್ರಿಂಟ್ ಸರದಿಯಿಂದಲೂ ಅಳಿಸಿಸಿ. ಪರೀಕ್ಷೆಯ ಪಟ್ಟಿಗಳನ್ನು, ಕೆಟ್ಟ ಪ್ರಿಂಟ್‌ಗಳನ್ನು ಲ್ಯಾಬಿನ ಕಸದ ಬುಟ್ಟಿಗೆ ಬಿಡದೆ ಮನೆಗೆ ತಂದು ಚೂರು ಮಾಡಿ. ಅಂಚಿನಲ್ಲಿ ಪೆನ್ಸಿಲ್‌ನಿಂದ ಸಹಿ ಮತ್ತು ಪ್ರತಿಯ ಸಂಖ್ಯೆ ಹಾಕಿ, ಒಂದು ಪ್ರತಿಯನ್ನು ಮಾಡೆಲ್‌ಗೆ ಕೊಡಿ. ಅಂಚೆಯಲ್ಲಿ ಕಳಿಸಬೇಕೋ, ಕೈಯಲ್ಲೇ ಕೊಡಬೇಕೋ, ಮನೆಗೆ ತಲುಪಿಸುವುದೇ ಬೇಡವೋ ಎಂಬುದನ್ನು ಅವರನ್ನೇ ಕೇಳಿ.